ಹಳೀ ಬೆಂಕಿ ಒಲ್ಲೆ

ಇಪ್ಪತ್ತಾರು ವರ್ಷ ಬೆಂಕಿ ಕಾದವನು ನಾನು,
ಶಕ್ತಿನಗರದಲ್ಲಿ, ಮೂರು ಪಾಳಿಯಲ್ಲಿ,
ಅಂಗೈಯಗಲದ ನೀಲಿ ಗಾಜಿನಿಂದ
ಬಾಯ್ಲರಿನ ಹೊಟ್ಟೆಯೊಳಗೆ ಇಣುಕುತ್ತ,
ಆರಬಾರದು ಎಂಬ ಒಂದೇ ಮಂತ್ರಕ್ಕೆ
ಸಂಬಳ ಎಣಿಸುತ್ತ.

ಅವ್ವನ ಕೆಲಸವೂ ಅದೇ ಇತ್ತು.
ರಾತ್ರಿ ಉಂಡಾದ ಮೇಲೆ ಒಲೆಗೆ ಎರಡು ಕುಳ್ಳಿಟ್ಟು
ಮೇಲೆ ಬೂದಿ ಎಳೆಯುವಳು, ಕೂಸಿಗೆ ಕೌದಿ ಹೊದಿಸಿದಂತೆ.
ನಸುಕಿಗೆ ಊದುಗೊಳವೆಯ ಒಂದೇ ಉಸಿರಿಗೆ
ನಿನ್ನೆಯ ಬೆಂಕಿ ಕಣ್ಣು ಬಿಡುವುದು.

ವರ್ಷದಲ್ಲಿ ಒಂದು ದಿನ ಮಾತ್ರ, ಕಾಮನ ಹುಣ್ಣಿಮೆಗೆ,
ತಾನೇ ನೀರು ಚಿಮುಕಿಸಿ ಆರಿಸುವಳು.
ಚೊಂಯ್ ಅನ್ನುವ ಆ ಸದ್ದಿಗೆ ನಾನು ಹೆದರುತ್ತಿದ್ದೆ.
ಬೂದಿ ಗೋರಿ, ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು,
ಬರಿದಾದ ಒಲೆಯ ಮುಂದೆ ಸುಮ್ಮನೆ ಕೂಡುವಳು:
"ಹಳೀ ಬೆಂಕಿ ಒಲ್ಲೆ ಅನಬೇಕಪ, ವರ್ಷಕ್ಕೊಮ್ಮೆರ."
ಆ ಸಂಜೆ ನಮ್ಮೂರಿನ ಯಾವ ಮನೆಯಿಂದಲೂ
ಹೊಗೆ ಏಳುತ್ತಿರಲಿಲ್ಲ.

ಕಂಟ್ರೋಲ್ ರೂಮಿನ ಹೊಸ ಹುಡುಗಿ ಶಾಹೀನ್
ರಾತ್ರಿಪಾಳಿಯಲ್ಲಿ ಏನೇನೋ ಓದುತ್ತಾಳೆ.
"ಕಾಕಾ, ಐರ್ಲೆಂಡಿನಾಗೂ ಹಿಂಗ ಇತ್ತಂತ.
ಚಳಿ ಬರೋ ಮುಂದೊಮ್ಮೆ, ಬ್ಯಾಸಗಿ ಬರೋ ಮುಂದೊಮ್ಮೆ
ಎಲ್ಲಾರ ಮನಿ ಒಲಿ ಆರಿಸಿ, ಗುಡ್ಡದ ಮ್ಯಾಲ
ಒಂದ ಬೆಂಕಿ ಹಚ್ಚತಿದ್ರಂತ. ಎರಡು ಬೆಂಕಿ ನಡುವ
ದನ ಹಾಯಿಸಿ, ಕೆಂಡ ಹೊತಗೊಂಡು ಮನಿಗೆ ಹೋಗತಿದ್ರಂತ."
ನಾನು ಕೇಳಿದೆ: "ಆರಿದ ಮ್ಯಾಲ, ಹತ್ತೋಕಿಂತ ಮೊದಲ,
ಆ ಕತ್ತಲದಾಗ ಏನು ಮಾಡತಿದ್ರವ್ವ?"
ಹುಡುಕಿದಳು. "ಅದನ್ನ ಬರದಿಲ್ಲ ಕಾಕಾ."

ಈ ವರ್ಷ ರಿಪೇರಿಗೆಂದು ನಮ್ಮ ಘಟಕ ನಿಂತಿತು.
ನಾಲ್ಕು ದಿನ ತಣಿಯಲು ಬಿಟ್ಟು,
ಮೊಣಕಾಲೂರಿ ಕಿಂಡಿಯಿಂದ ಒಳಹೊಕ್ಕೆ.
ಬ್ಯಾಟರಿ ಬೆಳಕು ಮೇಲೆ ಹೋದಷ್ಟೂ ಕೊಳವೆಗಳ ಗೋಡೆ,
ಗೋಡೆಗಂಟಿದ ಕಿಟ್ಟ, ನನ್ನದೇ ಉಸಿರಿನ ಸದ್ದು.
ಇಷ್ಟು ವರ್ಷ ನೋಡಿದ್ದು ಬೆಂಕಿಯನ್ನು,
ಬೆಂಕಿ ಇದ್ದ ಜಾಗವನ್ನು ಕಂಡಿರಲಿಲ್ಲ.

ಬ್ಯಾಟರಿ ಆರಿಸಿದೆ. ಯಾಕೋ ಗೊತ್ತಿಲ್ಲ.
ಆ ಕತ್ತಲಲ್ಲಿ ಎದ್ದು ಬಂದದ್ದು ಒಂದು ಸಹಿ,
ಹನ್ನೊಂದು ವರ್ಷದ ಹಿಂದೆ ವಿಚಾರಣೆಯ ಕಾಗದಕ್ಕೆ
ಆದೆಪ್ಪ ಹಾಕಿದ್ದು. ನನ್ನ ಬಡ್ತಿ ನಿಂತಿದ್ದು ಅದರಿಂದ.
ದಿನಾ ರಾತ್ರಿ ಅದರ ಮೇಲೆ ಬೂದಿ ಎಳೆದಿದ್ದೇನೆ,
ದಿನಾ ಬೆಳಿಗ್ಗೆ ಊದಿದ್ದೇನೆ.
ಆರದಂತೆ ಕಾಯುವುದು ನನಗೆ ಬರುವ ಕಸುಬು.
ಸಹಿ ಸುಳ್ಳಲ್ಲ.
ಆ ರಾತ್ರಿ ನಾನು ನಿದ್ದೆ ಹೋಗಿದ್ದೆ.

ಮೊನ್ನೆ ಹುಣ್ಣಿಮೆಗೆ ಕಾಲೊನಿಯ ಹುಡುಗರು
ಯಾರದೋ ಮುರುಕು ಮಂಚ ಕದ್ದು ತಂದು ಕಾಮನನ್ನು ಸುಟ್ಟರು.
ಹಲಗೆ, ಬೊಬ್ಬೆ, ಬಾಯಿಬಡಿತ, ಸುಟ್ಟ ಹಸಿಗಡಲೆಯ ಕಮಟು.
ಒಡೆದ ಹಂಚಿನಲ್ಲಿ ಒಂದು ಕುಳ್ಳಿನ ಕೆಂಡ ತಂದೆ.
ಮಡದಿ ನಕ್ಕಳು: "ಗ್ಯಾಸಿಗೆ ಕಾಮಣ್ಣ ಯಾಕ್ರಿ ಬೇಕು?
ಟಿಕ್ ಅಂದ್ರ ಹತ್ತತೈತಿ."
ನಿಜ. ಕೆಂಡ ಕೈಯಲ್ಲಿದೆ, ಇಡಲು ಒಲೆಯಿಲ್ಲ.
ಬಾಗಿಲಲ್ಲಿ ನಿಂತು ಗಾಳಿಗೆ ಮೈ ಅಡ್ಡ ಕೊಟ್ಟೆ.
ಈಚೆಗೆ ಸೌದೆಯ ಒಲೆ ಉರಿಯುವುದು ನನಗೆ ಗೊತ್ತಿದ್ದದ್ದು
ಒಂದೇ ಮನೆಯಲ್ಲಿ, ದೇವಸೂಗೂರಿನಲ್ಲಿ:
ಹಿತ್ತಲಿನ ನೀರೊಲೆ, ಮಗ್ಗುಲಿಗೆ ಹತ್ತಿಕಟ್ಟಿಗೆಯ ರಾಶಿ.

ನಡೆದೆ. ಚಿಮಣಿಗಳು ಬೆನ್ನ ಹಿಂದೆ,
ಬೇವಿನ ಚಿಗುರಿನ ಮೇಲೂ ತೆಳ್ಳಗೆ ಬೂದಿ,
ಆಚೆ ಕೃಷ್ಣೆಯಲ್ಲಿ ಬಂಡೆಗಳೇ ಹೆಚ್ಚು, ನೀರು ಕಡಿಮೆ.
ದಾರಿಯಲ್ಲಿ ಎರಡು ಸಲ ಊದಿದೆ.
ಈ ಸಲ ಬೇರೆ ಕಾರಣಕ್ಕೆ.

ಆದೆಪ್ಪ ಬಾಗಿಲು ತೆರೆದ. ಬನಿಯನ್ನು, ಕನ್ನಡಕ.
ನನ್ನ ಮುಖ ನೋಡಲಿಲ್ಲ, ಹಂಚು ನೋಡಿದ,
ಕೆಂಡದ ಬಣ್ಣ ನೋಡಿದ, ಹಳೆಯ ಆಪರೇಟರನ ಕಣ್ಣು.
ತಯಾರಿಸಿಕೊಂಡು ಬಂದ ಮಾತು ಗಂಟಲಲ್ಲೇ ಇತ್ತು.

"ತಡಿ," ಅಂದ,
"ಮೊದ್ಲು ಬೂದಿ ತಗೀತೀನಿ."